ಅಪರಾಹ್ನ ಸೇರಿದ ಸುಮತಿಕುಮಾರ

ಎಲ್ಲಕ್ಕೂ ಕಾರಣ ಒಂದು ಸೊಳ್ಳೆ. ಕಚ್ಚುವ ಸೊಳ್ಳೆಯಲ್ಲ, ಡೆಂಗ್ಯೂ ಜಾಗೃತಿಯ ಪೋಸ್ಟರಿನಲ್ಲಿ ಎಮ್ಮೆಕರುವಿನಷ್ಟು ದೊಡ್ಡದಾಗಿ ಅಚ್ಚಾಗಿದ್ದ ಸೊಳ್ಳೆ. ಆರೋಗ್ಯ ಶಾಖೆಯವರು ಅದನ್ನು ಪುರಸಭೆಯ ನೋಟೀಸ್ ಬೋರ್ಡಿಗೆ ಅಂಟಿಸುವಾಗ ಅಡಿಯಲ್ಲಿ ಏನಿದೆ ಎಂದು ನೋಡಲಿಲ್ಲ. ಅಡಿಯಲ್ಲಿದ್ದದ್ದು ದ್ವಿತೀಯ ದರ್ಜೆ ಸಹಾಯಕರ ಜ್ಯೇಷ್ಠತಾ ಪಟ್ಟಿ. ಗುಮಾಸ್ತರಲ್ಲಿ ಯಾರು ಹಿರಿಯರು, ಮೊದಲ ಬಡ್ತಿ ಯಾರಿಗೆ ಎಂದು ಹೇಳುವ ಕಾಗದ. ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಸಲ್ಲಿಸಬೇಕು ಎಂದು ಕೊನೆಯಲ್ಲಿ ಬರೆದಿತ್ತು. ಹದಿನಾಲ್ಕು ದಿನ ಸೊಳ್ಳೆ ಅದರ ಮೇಲೆ ಕೂತಿತ್ತು.

ಹದಿನೈದನೇ ದಿನ ಬೆಳಿಗ್ಗೆ ಗೋಂದು ಒಣಗಿ ಪೋಸ್ಟರಿನ ಒಂದು ಮೂಲೆ ಕಿತ್ತು ಬಂತು. ಬಿಲ್ ಕಲೆಕ್ಟರ್ ಮಹಾಂತೇಶ್ ಅದನ್ನು ಕಂಡ. ತನಗೆ ಸಂಬಂಧವಿಲ್ಲದ ಕಾಗದವನ್ನು ಮಹಾಂತೇಶ್ ಓದದೆ ಬಿಟ್ಟ ದಾಖಲೆ ಇಲ್ಲ. ಓದಿದ, ತಕ್ಷಣ ಫೋನು ತೆಗೆದ.

ಸುಮತಿಕುಮಾರ ಹಳೇಬೀಡಿನ ತನ್ನ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಿದ್ದ. ಅವನು ಕೆಲಸ ಮಾಡುವ ಪುರಸಭೆ ಯಾವ ಊರಿನದು ಎಂದು ಹೇಳುವುದು ಬೇಡ, ಅಲ್ಲಿಯವರಿಗೆ ಬೇಸರವಾದೀತು. ಹಳೇಬೀಡಿನಿಂದ ದಿನಾ ಬಸ್ಸಿನಲ್ಲಿ ಹೋಗಿಬರುವಷ್ಟು ಹತ್ತಿರ, ಅಷ್ಟು ತಿಳಿದರೆ ಸಾಕು.

"ಸಾರ್, ಪಟ್ಟೀಲಿ ಲತಾಮಣಿ ಮೇಡಂ ಒಂದನೇ ನಂಬರು. ನೀವು ಎರಡನೇ ನಂಬರು. ಇವತ್ತು ಸಾಯಂಕಾಲ ಐದೂವರೆಗೆ ಕಡೇ ಟೈಮು," ಎಂದ ಮಹಾಂತೇಶ್.

"ಇಬ್ರೂ ಒಂದೇ ದಿನ ಸೇರಿದ್ದು ಕಣಯ್ಯಾ. ವಯಸ್ಸಲ್ಲಿ ನಾನು ಐದು ತಿಂಗಳು ದೊಡ್ಡೋನು!"

"ಅವರ ಹೆಸರಿನ ಮುಂದೆ ಪೂರ್ವಾಹ್ನ ಅಂತ ಐತೆ. ನಿಮ್ಮ ಹೆಸರಿನ ಮುಂದೆ ಅಪರಾಹ್ನ."

ಸುಮತಿಕುಮಾರನ ಕೈಯಲ್ಲಿದ್ದ ಉಪ್ಪಿಟ್ಟು ತಟ್ಟೆಗೆ ವಾಪಸು ಬಿತ್ತು.

ಇಪ್ಪತ್ತು ವರ್ಷದ ಹಿಂದಿನ ಆ ಶುಕ್ರವಾರ ಅವನಿಗೆ ಚೆನ್ನಾಗಿ ನೆನಪಿತ್ತು. ಅದೇ ಪುರಸಭೆಯಲ್ಲಿ ಗುಮಾಸ್ತನಾಗಿದ್ದ ಅವನ ತಂದೆ ಸರ್ವೀಸಿನಲ್ಲೇ ತೀರಿಕೊಂಡಿದ್ದರು. ಲತಾಮಣಿಯ ಗಂಡನೂ ಹಾಗೆಯೇ. ಇಬ್ಬರಿಗೂ ಅನುಕಂಪದ ಮೇಲೆ ಒಂದೇ ದಿನ ಕೆಲಸದ ಆದೇಶ ಬಂದಿತ್ತು. ಸುಮತಿಕುಮಾರ ಹತ್ತು ಗಂಟೆಗೇ ಆಫೀಸು ತಲುಪಿದ್ದ. ಹೆಡ್ ಕ್ಲರ್ಕ್ ಹನುಮಂತಯ್ಯ ಬಂದಾಗ ಹತ್ತೂ ಮುವ್ವತ್ತೈದು. ಶುಕ್ರವಾರ ಹತ್ತೂವರೆಯಿಂದ ಹನ್ನೆರಡರವರೆಗೆ ರಾಹುಕಾಲ, ಅಷ್ಟರೊಳಗೆ ಸಹಿ ಹಾಕಬೇಡ ಎಂದು ಅವನ ತಾಯಿ ಹೇಳಿ ಕಳಿಸಿದ್ದರು. ಅವನು ಬೆಂಚಿನ ಮೇಲೆ ಕೂತ. ಹನ್ನೊಂದಕ್ಕೆ ಬಂದ ಲತಾಮಣಿ ರಾಹುವನ್ನೂ ಕೇಳಲಿಲ್ಲ, ಕೇತುವನ್ನೂ ಕೇಳಲಿಲ್ಲ, ನೇರ ಹೋಗಿ ಹಾಜರಾತಿ ವರದಿ ಕೊಟ್ಟಳು. ಸುಮತಿಕುಮಾರ ಕೊಟ್ಟದ್ದು ಹನ್ನೆರಡೂ ಹತ್ತಕ್ಕೆ. ಗಡಿಯಾರದಲ್ಲಿ ಹನ್ನೆರಡು ದಾಟಿದೆ ಎಂದು ಯಾರೋ 'ಅಪರಾಹ್ನ' ಎಂದು ಬರೆದುಬಿಟ್ಟಿದ್ದರು.

ಹೆಂಡತಿ ಧರ್ಮಾವತಿಗೆ ವಿಷಯ ಹೇಳಿದ. ಅವಳು ಬಸದಿಗೆ ಹೋಗಲು ಹೂವು ಕಟ್ಟುತ್ತಿದ್ದಳು.

"ನೋಡಿ, ಬಸ್ತಿಹಳ್ಳಿಗೆ ಹೋದಾಗಲೆಲ್ಲ ನಿಮ್ಮ ಸೋದರತ್ತೆ ಅಷ್ಟು ಜನರ ಮುಂದೆ ಕೇಳ್ತಾರೆ, 'ಸುಮತಿ ಇನ್ನೂ ಎಸ್‌ಡಿಎನಾ?' ಅಂತ. ಅಭಿಷೇಕ ನೋಡೋದು ಬಿಟ್ಟು ಎಲ್ಲರೂ ನನ್ನ ಮುಖ ನೋಡ್ತಾರೆ. ಇಪ್ಪತ್ತು ವರ್ಷ ಸುಮ್ನಿದ್ರಿ. ಇವತ್ತೊಂದು ದಿನ ಸ್ವಲ್ಪ ಗಟ್ಟಿಯಾಗಿ ಮಾತಾಡಿ."

ಎಸ್‌ಡಿಎ ಎಂದರೆ ಸುಮತಿಕುಮಾರ ಈಗ ಇರುವ ದ್ವಿತೀಯ ದರ್ಜೆ. ಎಫ್‌ಡಿಎ ಎಂದರೆ ಅದರ ಮೇಲಿನ ಪ್ರಥಮ ದರ್ಜೆ. ಆಫೀಸಿನಲ್ಲಿ ಎಫ್‌ಡಿಎ ಹುದ್ದೆ ಒಂದು ಖಾಲಿ ಇತ್ತು. ಕಿಟಕಿಯ ಪಕ್ಕದ ಮೇಜು, ಕೈಗಳಿರುವ ಕುರ್ಚಿ. ಸುಮತಿಕುಮಾರ ಕೂರುತ್ತಿದ್ದ ಕುರ್ಚಿಗೆ ಕೈಗಳಿರಲಿಲ್ಲ. ಮಧ್ಯಾಹ್ನ ತೂಕಡಿಕೆ ಬಂದರೆ ಎಡಕ್ಕೋ ಬಲಕ್ಕೋ ಬೀಳುವ ಭಯ. ಇಪ್ಪತ್ತು ವರ್ಷ ಅವನು ಎಚ್ಚರವಾಗಿದ್ದದ್ದು ಆ ಭಯದಿಂದಲೇ ಎಂದು ಮಹಾಂತೇಶ್ ಹೇಳುತ್ತಿದ್ದ.

ಆಫೀಸು ತಲುಪುವಷ್ಟರಲ್ಲಿ ಹತ್ತೂಕಾಲು. ಅವನು ಸೀದಾ ಮುಖ್ಯಾಧಿಕಾರಿ ಮಾಲಿನಿಯವರ ಕೋಣೆಗೆ ಹೋದ. ಅವರು ವಯಸ್ಸಿನಲ್ಲಿ ಅವನಿಗಿಂತ ಚಿಕ್ಕವರು, ಮಾತು ಕಡಿಮೆ.

"ಊಟದ ವಿರಾಮಕ್ಕೆ ಮುಂಚೆ ವರದಿ ಕೊಟ್ಟಿದ್ರೆ ಅದು ಪೂರ್ವಾಹ್ನವೇ, ಒಪ್ತೀನಿ. ಇಬ್ಬರೂ ಪೂರ್ವಾಹ್ನ ಆದ್ರೆ ವಯಸ್ಸಲ್ಲಿ ದೊಡ್ಡವರು ಮೇಲೆ. ಆದ್ರೆ ಹನ್ನೆರಡೂ ಹತ್ತು ಅನ್ನೋದಕ್ಕೆ ದಾಖಲೆ ಬೇಕು."

"ತರ್ತೀನಿ ಮೇಡಂ."

ಮಾಲಿನಿ ಪೆನ್ನು ಕೆಳಗಿಟ್ಟು ಅವನನ್ನು ನೋಡಿದರು. "ಸುಮತಿಕುಮಾರ್, ಆಕ್ಷೇಪಣೆ ಹಾಕಲೇಬೇಕಾ? ಇನ್ನೊಂದ್ಸಲ ಯೋಚನೆ ಮಾಡಿ."

ಹೆಂಡತಿಯ ಮಾತು ಅವನ ಕಿವಿಯಲ್ಲಿ ಇನ್ನೂ ಬಿಸಿಯಾಗಿತ್ತು. "ಯೋಚನೆ ಮಾಡಿಯೇ ಬಂದಿದೀನಿ," ಎಂದು ಗಟ್ಟಿಯಾಗಿ ಹೇಳಿದ. ಎಷ್ಟು ಗಟ್ಟಿಯಾಗಿ ಎಂದರೆ ಹೊರಗೆ ನೀರಿನ ಬಿಲ್ಲು ಕಟ್ಟಲು ನಿಂತವರೆಲ್ಲ ಒಳಗೆ ಇಣುಕಿದರು.

"ಕೇಳಿದ್ರಾ?" ಎಂದ ಹೊರಗೆ ಕಾದಿದ್ದ ಮಹಾಂತೇಶ್. "ಮೇಡಂ ಅವರ ಕಡೆ. ಹೆಂಗಸರು ಹೆಂಗಸರು ಒಂದು. ಇನ್ನೊಂದು ವಿಷಯ, ಲತಾಮಣಿ ಮೇಡಂ ಇವತ್ತು ರಜೆ ಹಾಕಿದಾರೆ. ಕಡೇ ದಿನ, ಸರಿಯಾಗಿ ಇವತ್ತೇ!"

ಇಬ್ಬರೂ ಹಳೇ ದಾಖಲೆಗಳ ಕೋಣೆಗೆ ನಡೆದರು. ಅಲ್ಲಿ ಕಸ ಗುಡಿಸುತ್ತಿದ್ದ ಮುನಿಯಮ್ಮ ಹಾಜರಾತಿ ಪುಸ್ತಕಗಳ ಕಟ್ಟು ತೋರಿಸಿದಳು. ಬೇಕಾದ ವರ್ಷದ ಪುಸ್ತಕ ಸಿಕ್ಕಿತು. ರಟ್ಟು ಗಟ್ಟಿಯಾಗಿತ್ತು. ತೆರೆದರೆ ಒಳಗೆ ಗೆದ್ದಲು ಮಾರ್ಚಿಯಿಂದ ಅಕ್ಟೋಬರ್‌ವರೆಗೆ ತಿಂದು ಮುಗಿಸಿತ್ತು. ಸುಮತಿಕುಮಾರ ಸೇರಿದ್ದು ಜುಲೈ.

"ಬೆಳಿಗ್ಗೆ ಬಾಗಿಲು ತೆಗೆಯೋ ಹೊತ್ಗೇ ಲತಾಮಣಮ್ಮಾರೂ ಬಂದು ಇದೇ ಪುಸ್ತಕ ನೋಡಿದ್ರು ಕಣಣ್ಣ," ಎಂದಳು ಮುನಿಯಮ್ಮ. "ಸುಮತಿಯೋರು ಎಷ್ಟೊತ್ಗೆ ಸೇರಿದ್ರು ಅನ್ನೋದು ಇದ್ರಾಗೆ ಐತಾ ಅಂತ ಹುಡುಕಿದ್ರು. ಇಲ್ದೆ ಇದ್ದುದ್ಕೆ ಹನುಮಂತಯ್ಯನೋರ ಊರು ಯಾವ್ದು ಅಂತ ಕೇಳಿದ್ರು. ಗೆಂಡೆಹಳ್ಳಿ ಅಂದೆ."

ಸುಮತಿಕುಮಾರನಿಗೆ ತಕ್ಷಣ ಡೈರಿ ನೆನಪಾಯಿತು. ರಿಟೈರಾದ ಹನುಮಂತಯ್ಯನವರಿಗೆ ದಿನಾ ಡೈರಿ ಬರೆಯುವ ಅಭ್ಯಾಸ. ಆಫೀಸಿಗೆ ಯಾರು ಎಷ್ಟು ಗಂಟೆಗೆ ಬಂದರು, ಎಷ್ಟು ಸಲ ಟೀ ಕುಡಿದರು, ಎಲ್ಲವೂ ಅದರಲ್ಲಿ. ಭೂಮಿಯ ಮೇಲೆ ಹನ್ನೆರಡೂ ಹತ್ತಕ್ಕೆ ಉಳಿದಿರುವ ಸಾಕ್ಷಿ ಅದೊಂದೇ.

"ನಾಶ ಮಾಡೋಕೆ ಹೋಗಿದಾರೆ ಸಾರ್!" ಎಂದ ಮಹಾಂತೇಶ್. "ಹತ್ತಿ ನನ್ನ ಬೈಕು."

ಬೇಲೂರು ದಾಟುವವರೆಗೆ ಮಹಾಂತೇಶ್ ಮಾತು ನಿಲ್ಲಿಸಲಿಲ್ಲ. ದಾಟಿದ ಮೇಲೆ ಬೈಕು ನಿಂತಿತು. ಪೆಟ್ರೋಲ್ ಖಾಲಿ. "ನಿನ್ನೇನೇ ಹಾಕಿಸ್ಬೇಕು ಅಂದ್ಕೊಂಡಿದ್ದೆ," ಎಂದ ಮಹಾಂತೇಶ್, ಅದೇ ಒಂದು ಸಮಾಧಾನ ಎನ್ನುವಂತೆ. ಅವನು ಬೈಕನ್ನು ತಳ್ಳಿಕೊಂಡು ಬಂಕಿನ ಕಡೆ ಹೊರಟ. ಸುಮತಿಕುಮಾರ ರಸ್ತೆಗೆ ಅಡ್ಡ ನಿಂತು, ಶುಂಠಿ ಮೂಟೆ ಹೊತ್ತು ಬರುತ್ತಿದ್ದ ಒಂದು ಗೂಡ್ಸ್ ಆಟೋ ಹತ್ತಿದ.

ಒಳಗೆ ಜಾಗವಿರಲಿಲ್ಲ. ಮೂಟೆಗಳ ಮೇಲೆ ಕೂತ. ಹಸಿ ಶುಂಠಿಯ ಕೆಮ್ಮಣ್ಣು ಮೊದಲು ಪ್ಯಾಂಟಿಗೆ ಹತ್ತಿತು, ಆಮೇಲೆ ಶರ್ಟಿಗೆ, ಬೆವರು ಒರೆಸಿಕೊಂಡಾಗ ಮುಖಕ್ಕೆ. ಗೆಂಡೆಹಳ್ಳಿಯಲ್ಲಿ ಇಳಿದಾಗ ಅವನು ಆಗ ತಾನೇ ಹೊಲದಿಂದ ಕಿತ್ತ ಗೆಡ್ಡೆಯ ಹಾಗೆ ಕಾಣುತ್ತಿದ್ದ.

ಹನುಮಂತಯ್ಯನವರ ಮನೆಯ ಹತ್ತಿರ ಬಂದು ನೋಡುತ್ತಾನೆ, ಲತಾಮಣಿ ಆಗಲೇ ಜಗಲಿಯ ಮೇಲೆ! ಕೈಯಲ್ಲಿ ಮಜ್ಜಿಗೆ ಲೋಟ. ಇನ್ನೊಂದು ಕೈಯಿಂದ ಕೆಂಪು ರಟ್ಟಿನ ಪುಸ್ತಕವೊಂದನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದಾಳೆ. ಸುಮತಿಕುಮಾರನಿಗೆ ಮುಂದೆ ಹೋಗಿ ಕೇಳುವ ಧೈರ್ಯ ಬರಲಿಲ್ಲ. ಇಪ್ಪತ್ತು ವರ್ಷ ಎದುರುಬದುರು ಮೇಜಿನಲ್ಲಿ ಕೂತು, ಗುಂಡುಸೂಜಿಯಿಂದ ಹಿಡಿದು ಮಾವಿನಕಾಯಿ ಉಪ್ಪಿನಕಾಯಿವರೆಗೆ ಹಂಚಿಕೊಂಡವರು. ಅವನು ಹುಲ್ಲಿನ ಮೆದೆಯ ಹಿಂದೆ ಬಗ್ಗಿ ಕೂತ, ಅವಳು ಹೋದ ಮೇಲೆ ಎದ್ದರಾಯಿತು ಎಂದು.

ಲತಾಮಣಿ ಹೊರಟಳು. ಬಸ್ಸು ಬಂತು, ಹತ್ತಿದಳು. ಸುಮತಿಕುಮಾರ ಏಳಬೇಕು, ಅಷ್ಟರಲ್ಲಿ ದನಕ್ಕೆ ಹುಲ್ಲು ಎಳೆಯಲು ಬಂದ ಹನುಮಂತಯ್ಯನವರ ಹೆಂಡತಿ ಮಾರಮ್ಮ ಮೆದೆಗೆ ಕೈ ಹಾಕಿದರು. ಹುಲ್ಲಿನ ಬದಲು ಅವನ ತಲೆಗೂದಲು ಸಿಕ್ಕಿತು.

"ಅಯ್ಯಯ್ಯೋ ಕಳ್ಳ! ಬನ್ರಪ್ಪೋ ಕಳ್ಳ!"

ಕ್ಷಣದಲ್ಲಿ ಅಕ್ಕಪಕ್ಕದ ಹತ್ತು ಜನ ಸೇರಿದರು.

"ಶುಂಠಿ ಕಳ್ಳ ಕಣ್ಲಾ ಇವ್ನು. ಮೊನ್ನೆ ನಮ್ಮ ಹೊಲ್ದಾಗೆ ಎರಡು ಸಾಲು ಕಿತ್ಕೊಂಡು ಹೋಗಿದ್ದು ಇವ್ನೇಯ."

"ಮೈತುಂಬ ಮಣ್ಣು ನೋಡು, ಸಾಕ್ಷಿ ಬೇರೆ ಬೇಕಾ?"

"ನಾನು ಪುರಸಭೆ ನೌಕರ!" ಎಂದ ಸುಮತಿಕುಮಾರ.

"ಹಂಗಾದ್ರೆ ಕಳ್ಳನೇ ಬಿಡು," ಎಂದ ಹಿಂದಿನಿಂದ ಒಬ್ಬ.

ಗದ್ದಲಕ್ಕೆ ಹನುಮಂತಯ್ಯ ಹೊರಗೆ ಬಂದರು. ಕನ್ನಡಕ ಏರಿಸಿ ಹತ್ತಿರ ಬಂದು ನೋಡಿದರು. "ಬಿಡ್ರೋ, ಬಿಡ್ರೋ! ಇವ್ನು ನಮ್ಮ ಸುಮತಿ. ಏನ್ಲಾ ಇದು ವೇಷ? ಲತಾಮಣಿ ಈಗ ತಾನೇ ಹೋದ್ಳು. ನಿನ್ನ ವಿಷಯಕ್ಕೇ ಬಂದಿದ್ಳು. ನೀನು ಎಷ್ಟು ಗಂಟೆಗೆ ವರದಿ ಕೊಟ್ಟೆ ಅಂತ ಕೇಳಿದ್ಳು. ಆ ವರ್ಷದ ಡೈರೀನೇ ಕೊಟ್ಟು ಕಳಿಸ್ದೆ."

"ಯಾಕೆ ಕೊಟ್ರಿ ಸಾರ್? ನನ್ನ ಬಡ್ತಿ ಅದರಲ್ಲಿತ್ತು!"

ಅವನ ದನಿ ಒಡೆದದ್ದು ಕೇಳಿ, ಕಳ್ಳನೆಂದು ಹಿಡಿದಿದ್ದವರೇ ಅವನ ಬೆನ್ನು ತಟ್ಟಿದರು. ಮಾರಮ್ಮ ಒಂದು ಚೊಂಬು ನೀರು ತಂದುಕೊಟ್ಟು, "ಮುಖ ತೊಳ್ಕೊಳಪ್ಪ, ಕೂದಲು ನೋವಾಯ್ತಾ?" ಎಂದರು.

ಹನುಮಂತಯ್ಯ ಧೈರ್ಯ ಹೇಳಿದರು. "ಡೈರಿ ಹೋದ್ರೆ ಹೋಯ್ತು. ಬರೆದವನು ನಾನಿದೀನಲ್ಲ? ಹೇಳಿಕೆ ಬರ್ಕೊಡ್ತೀನಿ."

ಹನುಮಂತಯ್ಯ ಒಂದು ಕಾಗದ ಬರೆಯುವುದೆಂದರೆ ಸಾಮಾನ್ಯವಲ್ಲ. ಮೊದಲು ಕರಡು. ಅದಕ್ಕೆ ತಾವೇ ತಿದ್ದುಪಡಿ. ಆಮೇಲೆ ಶುದ್ಧಪ್ರತಿ. ಸುಮತಿಕುಮಾರ ಗಡಿಯಾರ ನೋಡುತ್ತ ಜಗಲಿಯಲ್ಲಿ ಆಚೆಯಿಂದ ಈಚೆಗೆ ತಿರುಗಿದ.

"ಸಾರ್, ಎರಡೇ ಸಾಲು ಸಾಕು."

"ಉಲ್ಲೇಖ ಇಲ್ದೆ ಪತ್ರ ಬರೆಯೋಕಾಗುತ್ತೇನೋ? ತಡಿ. ಉಲ್ಲೇಖ ಒಂದು, ತಮ್ಮ ಮೌಖಿಕ ಕೋರಿಕೆ, ದಿನಾಂಕ ಇಂದು. ಉಲ್ಲೇಖ ಎರಡು..."

"ಎರಡನೇದು ಯಾವುದಿದೆ ಸಾರ್?"

"ಅದೇ ಯೋಚನೆ ಮಾಡ್ತಿದೀನಿ."

ಎರಡನೇ ಉಲ್ಲೇಖ ಹೊಳೆಯಲು ಇಪ್ಪತ್ತು ನಿಮಿಷ ಹಿಡಿಯಿತು. ಶುದ್ಧಪ್ರತಿ ಮುಗಿದಾಗ ಅದರಲ್ಲಿ ಇಸವಿ ತಪ್ಪಾಗಿತ್ತು. ತಿದ್ದಿದ ಕಾಗದ ಕೊಡುವುದು ತಮ್ಮ ಜಾಯಮಾನವಲ್ಲ ಎಂದು ಹನುಮಂತಯ್ಯ ಅದನ್ನು ಹರಿದು ಮತ್ತೆ ಮೊದಲಿನಿಂದ ಬರೆದರು. ನಡುವೆ ಊಟಕ್ಕೆ ಎಬ್ಬಿಸಿದರು. ಸಾರಿಗೆ ಬೆಳ್ಳುಳ್ಳಿ ಒಗ್ಗರಣೆ ಹಾಕಿದ್ದರಿಂದ ಸುಮತಿಕುಮಾರ ಬರೀ ಮಜ್ಜಿಗೆ ಅನ್ನ ಉಂಡ. ಕಾಗದ ಕೈಗೆ ಬಂದಾಗ ನಾಲ್ಕು ಗಂಟೆ. ಪುಣ್ಯಕ್ಕೆ ಮಹಾಂತೇಶ್ ಪೆಟ್ರೋಲ್ ಹಾಕಿಸಿಕೊಂಡು ಬಂದು ಬಾಗಿಲಲ್ಲಿ ಹಾರನ್ ಬಾರಿಸುತ್ತಿದ್ದ.

ದಾರಿಯುದ್ದಕ್ಕೂ ಸುಮತಿಕುಮಾರ ಎಡಗೈಯಿಂದ ಶರ್ಟಿನ ಜೇಬು ಒತ್ತಿ ಹಿಡಿದಿದ್ದ. ಜೇಬಿನಲ್ಲಿ ಹನುಮಂತಯ್ಯನವರ ಹೇಳಿಕೆ. ಬೇಲೂರಿನಲ್ಲಿ ಟೂರಿಸ್ಟ್ ಬಸ್ಸುಗಳ ನಡುವೆ ಸಿಕ್ಕಿಕೊಂಡು ಕಾಲು ಗಂಟೆ ಹೋಯಿತು. ಅಷ್ಟು ಹೊತ್ತೂ ಅವನು ಲತಾಮಣಿಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡ. ನಿಮ್ಮ ಮಗಳಿಗೆ ಜ್ವರ ಬಂದಾಗ ನಿಮ್ಮ ಕೆಲಸ ಯಾರು ಮಾಡಿದ್ದು? ನೀವು ಒಂದು ಮಾತು ಕೇಳಿದ್ದರೆ ನಾನೇ ಬಿಟ್ಟುಕೊಡುತ್ತಿದ್ದೆನೋ ಏನೋ. ಕೊನೆಯ ಮಾತು ನಿಜವಲ್ಲ ಎಂದು ಅವನಿಗೇ ಅನ್ನಿಸಿ ಅದನ್ನು ಕೈಬಿಟ್ಟ.

ಆಫೀಸಿನ ಮೆಟ್ಟಿಲು ಹತ್ತುವಾಗ ಐದೂ ಇಪ್ಪತ್ತು. ಮುಖ್ಯಾಧಿಕಾರಿಗಳ ಕೋಣೆಯಲ್ಲಿ ಲತಾಮಣಿ ಕೂತಿದ್ದಳು. ಮೇಜಿನ ಮೇಲೆ ಕೆಂಪು ಡೈರಿ.

"ಮೇಡಂ, ಅದು ನನ್ನ ಸಾಕ್ಷಿ!" ಎಂದು ಸುಮತಿಕುಮಾರ ಬಾಗಿಲಿನಿಂದಲೇ ಕೂಗಿದ. "ಇವರು ಅದನ್ನ ನನಗೆ ಸಿಗದ ಹಾಗೆ ಮಾಡೋಕೆ ಗೆಂಡೆಹಳ್ಳಿವರೆಗೆ ಹೋಗಿದಾರೆ. ಇಪ್ಪತ್ತು ವರ್ಷ ಜೊತೇಲಿ ಕೆಲಸ ಮಾಡಿದವರು ಮಾಡೋ ಕೆಲಸವಾ ಇದು?"

ಲತಾಮಣಿ ತಲೆ ತಗ್ಗಿಸಿದಳು. ಮಾಲಿನಿ ಒಂದು ಲೋಟ ನೀರು ಮುಂದೆ ತಳ್ಳಿದರು.

"ಕೂತ್ಕೊಳ್ಳಿ. ಅವರು ಕೊಟ್ಟಿರೋ ಆಕ್ಷೇಪಣೆ ಓದ್ತೀನಿ, ಕೇಳಿ. 'ಶ್ರೀ ಸುಮತಿಕುಮಾರ ಇವರು ಸದರಿ ದಿನ ಮಧ್ಯಾಹ್ನ ಹನ್ನೆರಡೂ ಹತ್ತಕ್ಕೆ, ಅಂದರೆ ಊಟದ ವಿರಾಮಕ್ಕೆ ಮುಂಚೆಯೇ ವರದಿ ಸಲ್ಲಿಸಿರುತ್ತಾರೆ. ಇದಕ್ಕೆ ಅಂದಿನ ಹೆಡ್ ಕ್ಲರ್ಕ್ ಅವರ ಡೈರಿ ಲಗತ್ತಿಸಿದೆ. ಅವರು ವಯಸ್ಸಿನಲ್ಲಿ ನನಗಿಂತ ಹಿರಿಯರು. ಆದುದರಿಂದ ಪಟ್ಟಿಯಲ್ಲಿ ಅವರ ಹೆಸರನ್ನು ನನಗಿಂತ ಮೇಲೆ ಸೇರಿಸಬೇಕಾಗಿ ಕೋರಿದೆ.'"

ಸುಮತಿಕುಮಾರ ನೀರಿನ ಲೋಟ ಎತ್ತಿದವನು ಹಾಗೇ ಹಿಡಿದುಕೊಂಡ.

"ನನ್ನ ಸರ್ವೀಸಲ್ಲಿ ಇಂಥ ತಕರಾರು ಕಂಡಿಲ್ಲ," ಎಂದರು ಮಾಲಿನಿ. "ಎರಡೂ ಕಡೆಯವರು ಒಂದೇ ಮಾತು ಹೇಳ್ತಿದೀರಿ. ನಿಮ್ಮ ಅರ್ಜಿ ತಂದಿದೀರಾ?"

ಅವನು ಹೇಳಿಕೆಯನ್ನು ಕೊಟ್ಟು, ಅಲ್ಲೇ ಎರಡು ಸಾಲಿನ ಅರ್ಜಿ ಬರೆದ. ಲತಾಮಣಿಯ ಆಕ್ಷೇಪಣೆಯ ಕೆಳಗೆ 'ಒಪ್ಪಿದ್ದೇನೆ' ಎಂದು ಸಹಿಯನ್ನೂ ಹಾಕಿದ. ಕಣ್ಣಿನಲ್ಲಿ ನೀರು ತುಂಬಿತ್ತು. "ಲತಾಮಣಿಯವರೇ, ಕ್ಷಮಿಸಿ. ನಾನು ಏನೇನೋ ಅಂದ್ಕೊಂಡುಬಿಟ್ಟೆ. ನಿಮ್ಮಂಥ ಮನಸ್ಸು ನನಗಿಲ್ಲ. ಆದ್ರೆ ಇಷ್ಟೆಲ್ಲ ಓಡಾಡೋ ಬದಲು ನನಗೊಂದು ಮಾತು ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀವು 'ಯಾಕೆ' ಅಂತ ಕೇಳ್ತಿದ್ರಿ," ಎಂದಳು ಲತಾಮಣಿ ಮೆಲ್ಲಗೆ.

"ಯಾಕೆ?"

ಲತಾಮಣಿ ಮಾಲಿನಿಯವರ ಮುಖ ನೋಡಿದಳು. ಮಾಲಿನಿ ಗಡಿಯಾರ ನೋಡಿದರು. ಐದೂವರೆ ಆಗಿತ್ತು. ಅವರು ಎರಡೂ ಅರ್ಜಿಗೆ ಸೀಲು ಹೊಡೆದು, ಫೈಲಿನಿಂದ ಒಂದು ಪತ್ರ ತೆಗೆದರು.

"ನಿನ್ನೆ ಸಾಯಂಕಾಲದ ಟಪಾಲಿನಲ್ಲಿ ಬಂತು. ಟಪಾಲು ತೆಗೆದುಕೊಳ್ಳೋದು ಇವರ ಕೆಲಸ ತಾನೇ, ಮೊದಲು ಓದಿದ್ದೂ ಇವರೇ. ಪಟ್ಟಿ ತೀರ್ಮಾನ ಆಗೋವರೆಗೆ ನಾನು ಬಾಯಿ ಬಿಡೋ ಹಾಗಿರಲಿಲ್ಲ. ಆದ್ರೂ ಬೆಳಿಗ್ಗೆ ಯೋಚನೆ ಮಾಡಿ ಅಂದೆ. ನಮ್ಮ ಖಾಲಿ ಎಫ್‌ಡಿಎ ಹುದ್ದೇನ ಇಲ್ಲಿಂದ ತೆಗೆದು ಪಕ್ಕದ ಜಿಲ್ಲೆಯ ಗಡೀಲಿ ಹೊಸದಾಗಿ ಆಗಿರೋ ಪಟ್ಟಣ ಪಂಚಾಯಿತಿಗೆ ಕೊಟ್ಟಿದಾರೆ. ಪಟ್ಟೀಲಿ ಮೊದಲನೇ ಹೆಸರಿನವರು ಏಳು ದಿನದೊಳಗೆ ಅಲ್ಲಿಗೆ ಹೋಗಿ ಹಾಜರಾಗಬೇಕು."

ಸುಮತಿಕುಮಾರ ಪತ್ರವನ್ನು ತನ್ನ ಕಡೆ ಎಳೆದುಕೊಂಡ. "ಸಂಬಳ... ಸಂಬಳ ಜಾಸ್ತಿ ಆಗುತ್ತಲ್ಲ ಮೇಡಂ?"

"ಇಪ್ಪತ್ತು ವರ್ಷ ಒಂದೇ ಹುದ್ದೇಲಿ ಇದ್ದದ್ದಕ್ಕೆ ನಿಮಗೆ ಆಗಲೇ ಮೂರು ಸಲ ವಿಶೇಷ ಇನ್‌ಕ್ರಿಮೆಂಟು ಬಂದಿದೆ. ಲೆಕ್ಕ ಹಾಕಿಸಿ ನೋಡಿದೆ. ಎಫ್‌ಡಿಎ ಆದ್ರೂ ನಿಮ್ಮ ಸಂಬಳ ಈಗಿನಷ್ಟೇ."

"ಹಾಗಾದ್ರೆ ನನ್ನ ಅರ್ಜಿ ವಾಪಸ್ ತಗೋತೀನಿ!"

"ನಿಮ್ಮದು ತಗೋಬಹುದು. ಇವರದು ಇದೆಯಲ್ಲ? ಅದಕ್ಕೆ ನೀವು ಒಪ್ಪಿ ಸಹಿನೂ ಹಾಕಿದೀರಿ. ಡೈರಿ ಇದೆ, ಡೈರಿ ಬರೆದವರ ಹೇಳಿಕೆಯನ್ನೂ ನೀವೇ ತಂದುಕೊಟ್ಟಿದೀರಿ. ಬಡ್ತಿಯೇ ಬೇಡ ಅಂತ ಬರ್ಕೊಟ್ರೆ ಮುಂದಿನ ವಿಶೇಷ ಇನ್‌ಕ್ರಿಮೆಂಟು ಸಿಗಲ್ಲ."

ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನಂತೆ ಸುಮತಿಕುಮಾರ ತನ್ನ ಸಹಿಯನ್ನೇ ನೋಡಿದ. ಲತಾಮಣಿ ತನ್ನ ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತುತ್ತ ಹೇಳಿದಳು, "ಮಗಳಿಗೆ ಈ ವರ್ಷ ಡಿಗ್ರಿ ಕಡೇ ವರ್ಷ. ಮನೇಲಿ ನಾನು ಬಿಟ್ರೆ ಅವಳಿಗೆ ಯಾರೂ ಇಲ್ಲ. ನಾನಿಲ್ಲಿಂದ ಹೋಗೋ ಹಾಗಿರಲಿಲ್ಲ, ಸುಮತಿಕುಮಾರ್. ನಿಮ್ಮ ಹೆಸರು ಕೆಳಗಿರೋದು ತಪ್ಪು ಅನ್ನೋದೂ ನಿಜ. ಸುಳ್ಳು ಒಂದಕ್ಷರಾನೂ ಬರೆದಿಲ್ಲ."

ಅದೂ ನಿಜವೇ. ಜಗಳವಾಡಲು ಒಂದು ಸುಳ್ಳಾದರೂ ಸಿಕ್ಕೀತೇ ಎಂದು ಸುಮತಿಕುಮಾರ ಆಕ್ಷೇಪಣೆಯನ್ನು ಇನ್ನೊಮ್ಮೆ ಓದಿದ. ಸಿಗಲಿಲ್ಲ.

ಹೊರಗೆ ಮಹಾಂತೇಶ್ ಬಾಗಿಲಿಗೆ ಕಿವಿಗೊಟ್ಟು ಅರ್ಧ ಮಾತ್ರ ಕೇಳಿಸಿಕೊಂಡಿದ್ದ. "ಎಫ್‌ಡಿಎ ಸಾಹೇಬ್ರಿಗೆ ಜೈ!" ಎಂದು ಕೂಗಿ, ಅಷ್ಟರಲ್ಲೇ ತರಿಸಿಟ್ಟಿದ್ದ ಮೈಸೂರುಪಾಕಿನ ಡಬ್ಬಿ ಬಿಚ್ಚಿದ. ಮುನಿಯಮ್ಮ ಚಪ್ಪಾಳೆ ತಟ್ಟಿದಳು. ಸುಮತಿಕುಮಾರ ಹೊಸ ಊರಿನ ಹೆಸರು ಹೇಳಿದ. ಮಹಾಂತೇಶ್ ಫೋನಿನಲ್ಲಿ ನಕ್ಷೆ ತೆಗೆದು, ಹಳೇಬೀಡಿನಿಂದ ಅಲ್ಲಿಗೆ ದಾರಿ ಹುಡುಕಿ, ಏನೂ ಮಾತಾಡದೆ ಅವನ ಮುಂದೆ ಹಿಡಿದ. ಮಹಾಂತೇಶ್ ಮಾತಿಲ್ಲದೆ ನಿಂತದ್ದನ್ನು ಆಫೀಸಿನವರು ಆವತ್ತೇ ಮೊದಲು ನೋಡಿದ್ದು.

ಆಗ ಧರ್ಮಾವತಿಯ ಫೋನು ಬಂತು.

"ಏನಾಯ್ತು ರೀ? ಗೆದ್ರಾ?"

"ಗೆದ್ದೆ."

"ಜಿನೇಂದ್ರ! ನನಗೆ ಗೊತ್ತಿತ್ತು. ಆಗಲೇ ನಿಮ್ಮ ಸೋದರತ್ತೆಗೆ ಫೋನ್ ಮಾಡಿ ಹೇಳಿಬಿಟ್ಟಿದೀನಿ. ಹೇಳಿ, ಹೇಳಿ, ಎಷ್ಟು ಜಾಸ್ತಿ ಆಯ್ತು?"

"ನೂರಾ ಹದಿನೆಂಟು."

"ಬರೀ ನೂರಾ ಹದಿನೆಂಟು ರೂಪಾಯಾ?"

"ಕಿಲೋಮೀಟರು ಕಣೇ," ಎಂದ ಸುಮತಿಕುಮಾರ.